ನೂಲು ಹುಣ್ಣಿಮೆಗೇ ಮೂರು ಸಲ ಗ್ರಹಣ: ಅಪ್ಪನ ಮಳೆ ಪುಸ್ತಕದಲ್ಲಿ ಸಿಕ್ಕಿದ ಲೆಕ್ಕ

ತೋಟದಮನೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಒಂದು ವಿಷಯ ತಲೆಯಲ್ಲೇ ಕೂತಿದೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ನಮ್ಮ ತೋಟದಲ್ಲಿ ಅಪ್ಪ 1983ರಿಂದ ಮಳೆ ಬರೆದಿಟ್ಟಿದ್ದಾರೆ. ದಿನಾ ಬೆಳಿಗ್ಗೆ 8ಕ್ಕೆ ಕಾಫಿ ಕಣದ ಪಕ್ಕದ ರೈನ್‌ಗೇಜ್‌ನಿಂದ ನೀರು ಅಳೆದು, ಇಂಚು ಸೆಂಟ್ಸ್ ಲೆಕ್ಕದಲ್ಲಿ (ಒಂದು ಇಂಚಿಗೆ ನೂರು ಸೆಂಟ್ಸ್) ಬರೆಯುತ್ತಿದ್ದರು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಇನ್ನೂ ಏನೇನೋ ಇರುತ್ತದೆ. ಹೂಮಳೆ ಬಂದ ದಿನ, ಆನೆ ಗದ್ದೆಗೆ ಇಳಿದ ದಿನ, ಹಸು ಕರು ಹಾಕಿದ ದಿನ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಈಗ ನಾನೇ ಬರೆಯುತ್ತೇನೆ.

ಈ ವರ್ಷ ಆಗಸ್ಟ್ 28, ಶುಕ್ರವಾರ, ನೂಲು ಹುಣ್ಣಿಮೆ. ಅವತ್ತು ಪಾರ್ಶ್ವ ಚಂದ್ರಗ್ರಹಣ ಎಂದು ಕ್ಯಾಲೆಂಡರ್‌ನಲ್ಲಿ ನೋಡಿದೆ. ಹಿಂದೆ ಯಾವಾಗ ಹೀಗೆ ಬಂದಿತ್ತು ನೋಡೋಣ ಅಂತ ಪುಸ್ತಕ ತಿರುವಿದೆ. ಎರಡು ಕಡೆ ಸಿಕ್ಕಿತು.

1990 ಆಗಸ್ಟ್ 6, ಸೋಮವಾರ: "1 ಇಂಚು 35. ನೂಲು ಹುಣ್ಣಿಮೆ. ಚಂದ್ರ ಹುಟ್ಟುವಾಗಲೇ ಗ್ರಹಣ. ಗುಡ್ಡದ ಮೇಲೆ ಸ್ವಲ್ಪ ಹೊತ್ತು ಕಂಡ, ಆಮೇಲೆ ಮೋಡ."

2008 ಆಗಸ್ಟ್ 16, ಶನಿವಾರ: "85 ಸೆಂಟ್ಸ್. ನೂಲು ಹುಣ್ಣಿಮೆ. ಗ್ರಹಣ ಮಧ್ಯ ರಾತ್ರಿ 2:40. ಮಗಳು ನೋಡಿದಳು."

ಆ ಮಗಳು ನಾನೇ. ನನಗೆ ಆ ರಾತ್ರಿ ಚೆನ್ನಾಗಿ ನೆನಪಿದೆ. ಸಂಜೆಯಿಂದ ಜಿಟಿಜಿಟಿ ಮಳೆ. ಎರಡೂವರೆಗೆ ಅಪ್ಪ ಕಂಬಳಿ ಹೊದಿಸಿ ಕಣಕ್ಕೆ ಕರೆದುಕೊಂಡು ಹೋದರು. ಮಳೆ ನಿಂತು ಸಿಲ್ವರ್ ಮರದ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೋಡ ಬಿರಿದಾಗ ಚಂದ್ರ ಕಂಡ. ಒಂದು ಚೂರು ಮಾತ್ರ ಬೆಳ್ಳಗಿತ್ತು, ಉಳಿದದ್ದೆಲ್ಲ ತೊಳೆಯದ ತಾಮ್ರದ ಚೊಂಬಿನ ಬಣ್ಣ. ಹತ್ತು ನಿಮಿಷ ಸಿಕ್ಕಿರಬಹುದು, ಅಷ್ಟೇ.

1990, 2008, 2026. ಸರಿಯಾಗಿ 18 ವರ್ಷಕ್ಕೊಮ್ಮೆ, ಅದೂ ನೂಲು ಹುಣ್ಣಿಮೆಗೇ. ಇದು ಸುಮ್ನೆ ಕೂಡಿ ಬಂದದ್ದಾ? ಆಮೇಲೆ ಈ ಸಲ ನಮ್ಮೂರಲ್ಲಿ ಕಾಣುತ್ತದಾ?

ತೆಂಗಿನ ನೆರಳು, ಅರಸೀಕೆರೆ

ಅಕ್ಕ, ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನನ್ನದೂ ಒಂದು ಸೇರಿಸುತ್ತೇನೆ. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಮೆಸೇಜ್ ಓಡಾಡುತ್ತಿದೆ. 28ಕ್ಕೆ ಗರ್ಭಿಣಿಯರು ಹೊರಗೆ ಬರಬಾರದು, ಬೆಳಿಗ್ಗೆಯಿಂದ ಏನೂ ತಿನ್ನಬಾರದು ಅಂತ. ನನ್ನ ತಮ್ಮನ ಹೆಂಡತಿಗೆ ಏಳು ತಿಂಗಳು. ಅಮ್ಮ ಹೆದರಿಕೊಂಡಿದ್ದಾರೆ. ಗ್ರಹಣ ಇರುವುದು ಎಷ್ಟು ಹೊತ್ತಿಗೆ?

ಬೇಲೂರು ಮೇಷ್ಟ್ರು

ಮೊದಲು ಅರಸೀಕೆರೆಯವರಿಗೆ ಹೇಳಿಬಿಡುತ್ತೇನೆ, ಮನೆಯವರ ಆತಂಕ ಕಡಿಮೆಯಾಗಲಿ. ಗ್ರಹಣದ ಮಧ್ಯಕಾಲ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9:43. ಆ ಹೊತ್ತಿಗೆ ಸೂರ್ಯ ನೆತ್ತಿಯ ಕಡೆ ಏರುತ್ತಿರುತ್ತಾನೆ, ಚಂದ್ರ ನಮ್ಮ ಕಾಲ ಕೆಳಗೆ, ಭೂಮಿಯ ಆಚೆ ಬದಿಯಲ್ಲಿ ಇರುತ್ತಾನೆ. ಅಮೆರಿಕದವರಿಗೆ ಚೆನ್ನಾಗಿ ಕಾಣುತ್ತದೆ, ನಮಗೆ ಇಲ್ಲ. ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ ಎಂದು ಪಂಚಾಂಗದವರೇ ಬರೆಯುತ್ತಾರೆ, ಅದನ್ನು ಅಮ್ಮನಿಗೆ ತೋರಿಸಿ. ಕಂಡರೂ ಅದು ಬರೀ ನೆರಳು. ನೆರಳಿನಿಂದ ಹೊಟ್ಟೆಯಲ್ಲಿರುವ ಮಗುವಿಗೆ ಏನೂ ಆಗುವುದಿಲ್ಲ. ಏಳು ತಿಂಗಳ ಬಸುರಿ ಉಪವಾಸ ಇರುವುದೇ ನಿಜವಾದ ತೊಂದರೆ. ಹೊತ್ತು ಹೊತ್ತಿಗೆ ಊಟ ಕೊಡಿ.

ಈಗ ತೋಟದಮನೆಯವರಿಗೆ. ತಾಯಿ, ಕೂಡಿ ಬಂದದ್ದಲ್ಲ. ನಿಮ್ಮ ಅಪ್ಪ ಬರೆದಿಟ್ಟಿರುವುದು ಒಂದೇ ಗ್ರಹಣ ಕುಟುಂಬದ ಅಣ್ಣ ತಮ್ಮಂದಿರನ್ನು.

ನಾನು ಮಕ್ಕಳಿಗೆ ಸಂತೆಯ ಲೆಕ್ಕದಿಂದ ಶುರು ಮಾಡುತ್ತಿದ್ದೆ. ವಾರದ ಸಂತೆ 7 ದಿನಕ್ಕೊಮ್ಮೆ, ಹುಣ್ಣಿಮೆ ಇಪ್ಪತ್ತೊಂಬತ್ತೂವರೆ ದಿನಕ್ಕೊಮ್ಮೆ. ಎರಡೂ ಒಂದೇ ದಿನ ಬರಬೇಕಾದರೆ ಕಾಯಬೇಕು, ಅಲ್ವಾ? ಗ್ರಹಣವೂ ಹಾಗೇ. ಚಂದ್ರ ಓಡಾಡುವ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಅದಕ್ಕೇ ಎಷ್ಟೋ ಹುಣ್ಣಿಮೆಗಳಲ್ಲಿ ಚಂದ್ರ ನೆರಳಿನ ಮೇಲಿಂದಲೋ ಕೆಳಗಿಂದಲೋ ದಾಟಿ ಹೋಗುತ್ತಾನೆ. ಎರಡು ದಾರಿ ಕೂಡುವ ಎರಡು ಜಾಗಗಳಿಗೆ ನಮ್ಮ ಹಿರಿಯರು ರಾಹು, ಕೇತು ಎಂದರು. ಆ ಜಾಗದ ಹತ್ತಿರ ಹುಣ್ಣಿಮೆ ಆದರೆ ಮಾತ್ರ ಗ್ರಹಣ. ಚಂದ್ರನ ಒಂದು ಭಾಗ ಮಾತ್ರ ದಟ್ಟ ನೆರಳಿಗೆ ಸಿಕ್ಕರೆ ಪಾರ್ಶ್ವ ಗ್ರಹಣ.

ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ. ರಾಹುವಿನಿಂದ ಹೊರಟ ಚಂದ್ರ ಮತ್ತೆ ರಾಹುವಿಗೆ ಬರಲು 27.21 ದಿನ. ಈಗ ಗುಣಿಸಿ ನೋಡಿ. 223 ಹುಣ್ಣಿಮೆಗೆ 6585.32 ದಿನ. ರಾಹುವಿನ 242 ಸುತ್ತಿಗೆ 6585.36 ದಿನ. ವ್ಯತ್ಯಾಸ ಒಂದು ಗಂಟೆಗೂ ಕಡಿಮೆ! ಇನ್ನೂ ಒಂದಿದೆ. ಚಂದ್ರ ಭೂಮಿಗೆ ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ ಬರಲು 27.55 ದಿನ. ಅದರ 239 ಸುತ್ತಿಗೆ 6585.54 ದಿನ. ಮೂರು ಲೆಕ್ಕವೂ ಒಂದೇ ಕಡೆ ಬಂದು ನಿಲ್ಲುತ್ತವೆ. ಹಾಗಾಗಿ ಬರೀ ಗ್ರಹಣ ಮರಳುವುದಲ್ಲ, ಹೆಚ್ಚುಕಡಿಮೆ ಅದೇ ಥರದ ಗ್ರಹಣ, ಅಷ್ಟೇ ದೊಡ್ಡ ಚಂದ್ರನ ಜೊತೆ ಮರಳುತ್ತದೆ. 6585 ದಿನ ಎಂದರೆ 18 ವರ್ಷ 11 ದಿನ, ನಡುವೆ ಐದು ಫೆಬ್ರವರಿ 29 ಬಂದರೆ 10 ದಿನ. 1990ರಿಂದ 2008ಕ್ಕೆ ಐದು ಬಂದಿವೆ. ಆಗಸ್ಟ್ 6ರ ಸಂಜೆಗೆ 10 ದಿನ, ಮೇಲೆ ಉಳಿದ ಏಳೆಂಟು ಗಂಟೆ ಸೇರಿಸಿದರೆ ಆಗಸ್ಟ್ 17ರ ನಸುಕು, ಅಲ್ವಾ? ಅಪ್ಪನ ಪುಸ್ತಕದಲ್ಲಿ 16 ಇದೆ, ಆದರೆ ರಾತ್ರಿ 2:40 ಎಂದರೆ ಕ್ಯಾಲೆಂಡರ್‌ನಲ್ಲಿ ಆಗಲೇ 17.

ಇದಕ್ಕೆ ಸಾರೋಸ್ ಚಕ್ರ ಎನ್ನುತ್ತಾರೆ. ಬ್ಯಾಬಿಲೋನಿನವರು ಮಣ್ಣಿನ ಫಲಕಗಳಲ್ಲಿ ಗ್ರಹಣಗಳನ್ನು ಬರೆದಿಟ್ಟು ಈ 223ರ ಲೆಕ್ಕ ಕಂಡುಕೊಂಡಿದ್ದರು. ಹೆಸರು ಮಾತ್ರ ಹೊಸದು, 1691ರಲ್ಲಿ ಎಡ್ಮಂಡ್ ಹ್ಯಾಲಿ ಇಟ್ಟದ್ದು.

ತೋಟದಮನೆ, ಸಕಲೇಶಪುರ

ಮೇಷ್ಟ್ರೇ, ಓದಿ ಮೈ ಜುಂ ಅಂದಿತು. ಅಪ್ಪನಿಗೆ ಸಾರೋಸ್ ಎಂಬ ಹೆಸರು ಗೊತ್ತಿರಲಿಲ್ಲ. ಆದರೂ ಬರೆದಿಟ್ಟಿದ್ದರು. ಆದರೆ ಒಂದು ಅನುಮಾನ. 18 ವರ್ಷ 11 ದಿನ ಎಂದರೆ ಸರಿ. ನೂಲು ಹುಣ್ಣಿಮೆಯೇ ಯಾಕೆ ಬರಬೇಕು?

ಕಡೂರು ಬಯಲು

ಇದಕ್ಕೆ ನಾನು ಉತ್ತರ ಹೇಳುತ್ತೇನೆ. ನಮ್ಮ ಮನೆಯಲ್ಲಿ ಹಳೆ ಪಂಚಾಂಗಗಳನ್ನು ಎಸೆಯುವುದಿಲ್ಲ. ಮೇಷ್ಟ್ರು 223 ಎಂದ ತಕ್ಷಣ ಹೊರಗೆ ತೆಗೆದು ಕೂತೆ.

18 ವರ್ಷಕ್ಕೆ, ವರ್ಷಕ್ಕೆ 12ರಂತೆ, 216 ತಿಂಗಳು. 223 ಆಗಲು ಇನ್ನೂ 7 ಬೇಕು. ಆ ಏಳೂ ಅಧಿಕ ಮಾಸಗಳು! 2008ರ ನೂಲು ಹುಣ್ಣಿಮೆಯಿಂದ ಎಣಿಸಿ: 2010ರಲ್ಲಿ ಅಧಿಕ ವೈಶಾಖ, 2012ರಲ್ಲಿ ಭಾದ್ರಪದ, 2015ರಲ್ಲಿ ಆಷಾಢ, 2018ರಲ್ಲಿ ಜ್ಯೇಷ್ಠ, 2020ರಲ್ಲಿ ಆಶ್ವಯುಜ, 2023ರಲ್ಲಿ ಶ್ರಾವಣ, ಮೊನ್ನೆ ಮುಗಿದ ಅಧಿಕ ಜ್ಯೇಷ್ಠ. ಸರಿಯಾಗಿ ಏಳು. 1990ರಿಂದ 2008ರವರೆಗೆ ಎಣಿಸಿದೆ. ಅಲ್ಲೂ ಏಳು.

ಬೇರೆ ಗ್ರಹಣಕ್ಕೂ ನೋಡಿದೆ. 2001 ಜುಲೈ 5, ಗುರು ಪೂರ್ಣಿಮೆ, ಪಾರ್ಶ್ವ ಗ್ರಹಣ. 2019 ಜುಲೈ 16ರ ರಾತ್ರಿ, ಗುರು ಪೂರ್ಣಿಮೆ, ಮತ್ತೆ ಪಾರ್ಶ್ವ ಗ್ರಹಣ. 2005 ಅಕ್ಟೋಬರ್ 17 ಶೀಗಿ ಹುಣ್ಣಿಮೆ, 2023 ಅಕ್ಟೋಬರ್ 28 ಕೂಡ ಶೀಗಿ ಹುಣ್ಣಿಮೆ. ಹುಣ್ಣಿಮೆಯ ಹೆಸರಿನಲ್ಲೇ ಹೇಳಿದರೆ ಸಾರೋಸ್ ನಮ್ಮ ಅಜ್ಜಿಯರಿಗೂ ಅರ್ಥವಾಗುತ್ತಿತ್ತು ಅನ್ನಿಸುತ್ತದೆ.

ಬೇಲೂರು ಮೇಷ್ಟ್ರು

ಕಡೂರಿನವರೇ, ಭೇಷ್! ನಲವತ್ತು ವರ್ಷ ಪಾಠ ಮಾಡಿದ್ದೇನೆ, 223ರೊಳಗೆ ಏಳು ಅಧಿಕ ಮಾಸ ಕೂತಿದೆ ಎಂದು ನನಗೆ ಹೊಳೆದಿರಲಿಲ್ಲ. ನಾಳೆಯೇ ಇದನ್ನು ಮಕ್ಕಳಿಗೆ ಹೇಳಬೇಕು.

ಒಂದು ಮಾತು ಸೇರಿಸಲೇಬೇಕು. ಇದು ಎಂದೆಂದಿಗೂ ಹೀಗೇ ನಡೆಯುವುದಿಲ್ಲ. ಪ್ರತಿ ಸಲ 11 ದಿನ ಮುಂದೆ ಸರಿಯುತ್ತದಲ್ಲ, ಎರಡು ಮೂರು ಸುತ್ತಿಗೆ ಒಂದು ತಿಂಗಳೇ ಜರುಗುತ್ತದೆ. ಇದೇ ಕುಟುಂಬದ 1972 ಜುಲೈ 26ರ ಗ್ರಹಣ ಆಷಾಢದ ಹುಣ್ಣಿಮೆಗೆ ಬಂದಿತ್ತು. ಮುಂದಿನದು 2044 ಸೆಪ್ಟೆಂಬರ್ 7, ಅದು ಭಾದ್ರಪದದ ಹುಣ್ಣಿಮೆ. ನೂಲು ಹುಣ್ಣಿಮೆಗೆ ಸಿಕ್ಕಿದ್ದು ಈ ಮೂರು ಮಾತ್ರ: 1990, 2008, 2026. ಮೂರೂ ಒಂದೇ ಮಳೆ ಪುಸ್ತಕದಲ್ಲಿ ಬಂತಲ್ಲ, ಅದೇ ದೊಡ್ಡದು.

ಮುಳ್ಳಯ್ಯನಗಿರಿ ಗಾಳಿ

ಮೇಷ್ಟ್ರೇ, ರಾಹು ಒಂದು ರಾಶಿಯಲ್ಲಿ ಒಂದೂವರೆ ವರ್ಷ ಇರುತ್ತಾನೆ, 12 ರಾಶಿ ಸುತ್ತಲು 18 ವರ್ಷ ಎಂದು ಜೋಯಿಸರು ಹೇಳುತ್ತಾರೆ. ಈ 18 ಅದೇನಾ?

ಬೇಲೂರು ಮೇಷ್ಟ್ರು

ಎಲ್ಲರೂ ಎಡವುವ ಜಾಗ ಇದು. ರಾಹು ಒಂದು ಸುತ್ತು ಬರಲು 18.6 ವರ್ಷ. ಸಾರೋಸ್ 18.03 ವರ್ಷ. ಹತ್ತಿರ ಹತ್ತಿರ ಇವೆ, ಒಂದೇ ಅಲ್ಲ. ಗ್ರಹಣಕ್ಕೆ ಬೇಕಾದದ್ದು ಸೂರ್ಯ, ಚಂದ್ರ, ರಾಹು ಮೂವರೂ ಒಬ್ಬರಿಗೊಬ್ಬರು ಮೊದಲಿದ್ದ ಹಾಗೇ ನಿಲ್ಲುವುದು. ರಾಹು ಹಿಂದೆ ಹಿಂದೆ ಸರಿಯುವುದರಿಂದ ಸೂರ್ಯ ಅವನನ್ನು ವರ್ಷ ತುಂಬುವ ಮೊದಲೇ, 346.6 ದಿನಕ್ಕೇ ಮತ್ತೆ ಸೇರುತ್ತಾನೆ. ಹಾಗೆ 19 ಸಲ ಸೇರುವ ಹೊತ್ತಿಗೆ 223 ಹುಣ್ಣಿಮೆ ತುಂಬಿರುತ್ತವೆ. ಅರ್ಧ ದಿನದಷ್ಟು ಮಾತ್ರ ಹೆಚ್ಚುಕಡಿಮೆ.

ಆ ಅರ್ಧ ದಿನದಿಂದಲೇ ಕುಟುಂಬಕ್ಕೆ ಹುಟ್ಟು ಸಾವು ಬರುತ್ತದೆ. ಪ್ರತಿ ಸಲ ಹುಣ್ಣಿಮೆ ಆ ಕೂಡು ಜಾಗದಿಂದ ಅರ್ಧ ಡಿಗ್ರಿಯಷ್ಟು ಜರುಗುತ್ತದೆ. ಈ ಕುಟುಂಬವನ್ನೇ ನೋಡಿ. 1990ರಲ್ಲಿ ಚಂದ್ರನ ಅಗಲದ ಶೇಕಡಾ 68 ನೆರಳಿಗೆ ಹೋಗಿತ್ತು. 2008ರಲ್ಲಿ ಶೇಕಡಾ 81. ಈ ಸಲ ಶೇಕಡಾ 93. 2044ರಲ್ಲಿ ಪೂರ್ತಿ ಗ್ರಹಣ. ಬೆಳೆಯುತ್ತಿರುವ ಕುಟುಂಬ ಇದು.

ಕಡೂರು ಬಯಲು

2023ರ ಶೀಗಿ ಹುಣ್ಣಿಮೆಯದು ಇನ್ನೂ ಎಳೆಕೂಸು ಹಾಗಾದರೆ. ನಾನು ನೋಡಿದ್ದೇನೆ. ರಾತ್ರಿ 1:05ಕ್ಕೆ ಹಿಡಿದು 2:24ಕ್ಕೆ ಬಿಟ್ಟಿತು. ಅಗಲದ ಶೇಕಡಾ 12 ಮಾತ್ರ. ರಾಗಿ ರೊಟ್ಟಿಯ ಅಂಚು ಸೀದ ಹಾಗೆ ಕಾಣುತ್ತಿತ್ತು.

ಬೇಲೂರು ಮೇಷ್ಟ್ರು

ಹೌದು, ಎಳೆಕೂಸೇ. ಆ ಕುಟುಂಬ ಹುಟ್ಟಿದ್ದು 1843ರಲ್ಲಿ. ಬಹಳ ಕಾಲ ಬರೀ ಅರೆನೆರಳಿನ ಗ್ರಹಣಗಳು, ಕಣ್ಣಿಗೆ ಗೊತ್ತೇ ಆಗದಂಥವು. ದಟ್ಟ ನೆರಳು ಮೊದಲು ತಾಗಿದ್ದು 2005ರಲ್ಲಿ. ನೀವು 2023ರಲ್ಲಿ ನೋಡಿದ್ದು ಎರಡನೆಯದು. ಒಟ್ಟು 72 ಗ್ರಹಣ ಕೊಟ್ಟು 3123ರಲ್ಲಿ ಅದು ಮುಗಿಯುತ್ತದೆ.

ಇಳಿಯುವ ಕುಟುಂಬಗಳೂ ಇವೆ. 2003 ನವೆಂಬರ್ 9ರ ಪೂರ್ಣ ಗ್ರಹಣ ಅದರ ಕುಟುಂಬದ ಕೊನೆಯ ಪೂರ್ಣ ಗ್ರಹಣ. 18 ವರ್ಷ ಬಿಟ್ಟು 2021 ನವೆಂಬರ್ 19ಕ್ಕೆ ಬಂದಾಗ ಶೇಕಡಾ 97, ಸ್ವಲ್ಪದರಲ್ಲಿ ಪೂರ್ತಿ ತಪ್ಪಿತು. 3 ಗಂಟೆ 28 ನಿಮಿಷ ನಡೆಯಿತು. 1440ರ ನಂತರ ಅಷ್ಟು ಉದ್ದದ ಪಾರ್ಶ್ವ ಗ್ರಹಣ ಬಂದಿರಲಿಲ್ಲ. ಆಗ "580 ವರ್ಷಕ್ಕೊಮ್ಮೆ ಬರುವ ಗ್ರಹಣ" ಎಂದು ಮೆಸೇಜ್ ಓಡಿದ್ದು ನೆನಪಿರಬಹುದು. ಉದ್ದದ ಮಾತು ಅದು, ಗ್ರಹಣದ ಮಾತಲ್ಲ. ಗ್ರಹಣ ಎಂದಿನಂತೆ 18 ವರ್ಷಕ್ಕೇ ಬಂದಿತ್ತು.

ಲೆಕ್ಕದ ಹುಡುಗಿ, ಚಿಕ್ಕಮಗಳೂರು

ನಮಸ್ತೆ ಸರ್, ನಾನು ಬಿಎಸ್ಸಿ ಓದುತ್ತಿದ್ದೇನೆ. ಒಂದು ಕಡೆ ಲೆಕ್ಕ ಕೂಡುತ್ತಿಲ್ಲ. ನಮ್ಮ ಪುಸ್ತಕದಲ್ಲಿ ಸಾರೋಸ್ 18 ವರ್ಷ 11 ದಿನ 8 ಗಂಟೆ ಎಂದಿದೆ. 1990ರದು ಸಂಜೆ 7:42ಕ್ಕೆ, 2008ರದು ರಾತ್ರಿ 2:40ಕ್ಕೆ. 7 ಗಂಟೆಯೂ ತುಂಬಿಲ್ಲ. 2008ರಿಂದ 2026ಕ್ಕೆ 7 ಗಂಟೆ 3 ನಿಮಿಷ. 2005ರದು ಸಂಜೆ 5:34, 2023ರದು ರಾತ್ರಿ 1:44, ಅಲ್ಲಿ ಮಾತ್ರ 8 ಗಂಟೆ 10 ನಿಮಿಷ. ಯಾವುದು ಸರಿ?

ಬೇಲೂರು ಮೇಷ್ಟ್ರು

ಎಲ್ಲವೂ ಸರಿ ಮಗಳೇ. 8 ಗಂಟೆ ಎನ್ನುವುದು ಬಾಯಿಲೆಕ್ಕ. ಸರಾಸರಿ 7 ಗಂಟೆ 42 ನಿಮಿಷ. ಭೂಮಿ ವರ್ಷವಿಡೀ ಒಂದೇ ವೇಗದಲ್ಲಿ ಓಡುವುದಿಲ್ಲ. ಜನವರಿಯಲ್ಲಿ ಸೂರ್ಯನಿಗೆ ಹತ್ತಿರ, ಓಟ ಜೋರು. ಜುಲೈನಲ್ಲಿ ದೂರ, ಓಟ ನಿಧಾನ. ಆ 11 ದಿನಗಳ ಜರುಗು ನಿಧಾನದ ಕಾಲದಲ್ಲಿ ಬಿದ್ದರೆ ನೆರಳೂ ಕಡಿಮೆ ಸರಿದಿರುತ್ತದೆ, ಚಂದ್ರ ಅದನ್ನು ಬೇಗ ಹಿಡಿಯುತ್ತಾನೆ. ಅದರ ಮೇಲೆ ಚಂದ್ರನ ವೇಗವೂ ಒಂದೇ ಇಲ್ಲ. ಹಾಗಾಗಿ ಒಂದು ಗಂಟೆ ಆಚೀಚೆ ಆಗುತ್ತದೆ. ನೀನು ಸಮಯ ಬರೆದುಕೊಂಡು ಕಳೆದು ನೋಡಿದೆಯಲ್ಲ, ಹಾಗೇ ಮಾಡಬೇಕು. ಪುಸ್ತಕದ ಸಂಖ್ಯೆಗೆ ಸುಮ್ನೆ ತಲೆ ಆಡಿಸಬಾರದು.

ಈ ಏಳೆಂಟು ಗಂಟೆಯಿಂದಲೇ ನಮಗೆ ಈ ಸಲ ಗ್ರಹಣ ತಪ್ಪುವುದು. ಅಷ್ಟು ಹೊತ್ತಿನಲ್ಲಿ ಭೂಮಿ ಮೂರನೇ ಒಂದು ಭಾಗದಷ್ಟು ತಿರುಗಿರುತ್ತದೆ. 1990ರದು ನಮಗೆ ಸಂಜೆ, 2008ರದು ನಡುರಾತ್ರಿ ಕಳೆದು, 2026ರದು ಹಗಲು. 2044ರದೂ ತಪ್ಪಿದಂತೆಯೇ, ಮಧ್ಯಕಾಲ ಸಂಜೆ ಐದಕ್ಕೆ ಮೊದಲೇ, ಚಂದ್ರ ಹುಟ್ಟುವ ಮುಂಚೆ. ಮೂರು ಸುತ್ತು ತುಂಬಿದಾಗ, ಅಂದರೆ 54 ವರ್ಷ ಮತ್ತು ಒಂದು ತಿಂಗಳ ನಂತರ, ಗ್ರಹಣ ಹೆಚ್ಚುಕಡಿಮೆ ಅದೇ ಊರಿನ ಆಕಾಶಕ್ಕೆ ಬರುತ್ತದೆ. ನಿಮ್ಮ 2008ರ ಗ್ರಹಣ ಸಕಲೇಶಪುರಕ್ಕೆ ಮರಳುವುದು 2062 ಸೆಪ್ಟೆಂಬರ್ 18ರ ನಡುರಾತ್ರಿಗೆ. ಆಗ ಅದು ಪೂರ್ಣ ಗ್ರಹಣ.

ಸಾಲಗಾಮೆ ರಸ್ತೆ, ಹಾಸನ

ಸ್ವಲ್ಪ ಪಕ್ಕದ ವಿಷಯ, ಆದರೆ ನಮ್ಮೂರಿನದು. ನಮ್ಮ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ, 1982ರಿಂದ. ಅಲ್ಲಿಂದ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳಿಗೂ ಇದೇ ನೆರಳಿನ ಕಾಟ. ಅವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇವೆ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ, ಮತ್ತೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ, ದಿನಾ ಆ ಉಪಗ್ರಹಗಳು ಭೂಮಿಯ ನೆರಳಿಗೆ ಹೋಗುತ್ತವೆ. ಹೆಚ್ಚೆಂದರೆ 70 ನಿಮಿಷದ ಹತ್ತಿರ. ಆಗ ಬಿಸಿಲಿಲ್ಲ, ಬ್ಯಾಟರಿ ಮೇಲೇ ನಡೆಯಬೇಕು. ನಮಗೆ ಗ್ರಹಣ ಅಪರೂಪ, ಅವುಗಳಿಗೆ ವರ್ಷಕ್ಕೆ ಎರಡು ಹಂಗಾಮು.

ಶಾಸನ ಓದುಗ, ಹಳೇಬೀಡು

ತೋಟದಮನೆಯವರ ಅಪ್ಪನ ಹಾಗೆ ಬರೆದಿಡುವುದು ನಮ್ಮ ಕಡೆ ಹಳೆಯ ರೂಢಿಯೇ. ಹೊಯ್ಸಳರ ಕಾಲದ ದಾನ ಶಾಸನಗಳನ್ನು ನೋಡಿ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಬರೆದು, ಗ್ರಹಣದ ದಿನ ಕೊಟ್ಟ ದಾನವಾದರೆ ಸೋಮಗ್ರಹಣ ಎಂದೋ ಸೂರ್ಯಗ್ರಹಣ ಎಂದೋ ಸೇರಿಸುತ್ತಾರೆ. ಬಿ. ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟ 1902ರದು. ಕೆರೆಗೆ, ದೇವಸ್ಥಾನಕ್ಕೆ ಗದ್ದೆ ಬಿಟ್ಟ ದಿನವನ್ನು ಈಗಿನವರು ಖಚಿತ ಮಾಡಿಕೊಳ್ಳುವಾಗ ಆ ಒಂದು ಪದ ಬಹಳ ಸಹಾಯಕ್ಕೆ ಬರುತ್ತದೆ. ವಾರ ತಪ್ಪಾಗಿ ಕೆತ್ತಿರಬಹುದು, ಗ್ರಹಣ ಬಿದ್ದಿತ್ತೋ ಇಲ್ಲವೋ ಲೆಕ್ಕ ಹಾಕಿ ನೋಡಬಹುದು.

ಶಾಸನ ಓದುವವರಿಗೆ ನನ್ನದೊಂದು ಕೋರಿಕೆ. ಸೋಮಗ್ರಹಣ ಎಂದು ಸಿಕ್ಕ ಕಡೆ, ಅದಕ್ಕೆ 18 ವರ್ಷ 11 ದಿನ ಸೇರಿಸಿ ಇನ್ನೊಂದು ಶಾಸನ ಇದೆಯಾ ಹುಡುಕಿ. ನಾನು ಶುರು ಮಾಡಿದ್ದೇನೆ. ಸಿಕ್ಕರೆ ಇಲ್ಲೇ ಹಾಕುತ್ತೇನೆ.

ತೆಂಗಿನ ನೆರಳು, ಅರಸೀಕೆರೆ

ಮೇಷ್ಟ್ರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಪಂಚಾಂಗವನ್ನೂ ತೋರಿಸಿದೆ. "ಕಾಣದಿದ್ದರೆ ನಮಗ್ಯಾಕೆ, ಅವಳಿಗೆ ಒಬ್ಬಟ್ಟು ಮಾಡುತ್ತೇನೆ" ಎಂದರು. ನೆಮ್ಮದಿಯಾಯಿತು. ಹಾಗಾದರೆ ನಮ್ಮ ಕಡೆ ಕಾಣುವ ಪಾರ್ಶ್ವ ಗ್ರಹಣ ಮುಂದೆ ಯಾವಾಗ?

ಬೇಲೂರು ಮೇಷ್ಟ್ರು

ಮುಂದಿನ ವರ್ಷ ಇರುವುದೆಲ್ಲ ಅರೆನೆರಳಿನವು. 2028 ಜುಲೈ 6ರ ರಾತ್ರಿ ಒಳ್ಳೆಯದೊಂದಿದೆ, ಮಧ್ಯಕಾಲ ರಾತ್ರಿ 11:50ರ ಹೊತ್ತಿಗೆ, ಶೇಕಡಾ 39. ಇದು ಇಳಿಯುವ ಕುಟುಂಬ, 2010 ಜೂನ್ 26ಕ್ಕೆ ಬಂದಾಗ ಶೇಕಡಾ 54 ಇತ್ತು. ಅದೇ ವರ್ಷ ಡಿಸೆಂಬರ್ 31ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಪೂರ್ಣ ಗ್ರಹಣ. ಚಳಿಗಾಲದ ಆಕಾಶ, ಚೆನ್ನಾಗಿ ಕಾಣಬೇಕು.

ಕಡೂರು ಬಯಲು

ಜುಲೈ ಎಂದರೆ ಮಲೆನಾಡಿನವರಿಗೆ ಕಷ್ಟ. ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಆಕಾಶವೇ ಇರುವುದಿಲ್ಲ. ಎಲ್ಲರೂ ನಮ್ಮ ಕಡೆ ಬನ್ನಿ. ಕಡೂರಿನಲ್ಲಿ, ಅರಸೀಕೆರೆಯಲ್ಲಿ ಮಳೆ ಕಡಿಮೆ, ಮೋಡ ಬಂದರೂ ಗಾಳಿಗೆ ಸರಿಯುತ್ತದೆ. ನಮ್ಮ ತೆಂಗಿನ ತೋಟದ ಪಕ್ಕ ಬಯಲಿದೆ, ಚಾಪೆ ಹಾಕುತ್ತೇನೆ. ಊಟ ನಮ್ಮ ಮನೆಯಲ್ಲೇ.

ಲೆಕ್ಕದ ಹುಡುಗಿ, ಚಿಕ್ಕಮಗಳೂರು

ನಾನು ಬರುತ್ತೇನೆ ಅಂಕಲ್. ಸ್ಪರ್ಶ, ಮಧ್ಯ, ಮೋಕ್ಷ ಮೂರರ ಸಮಯವನ್ನೂ ನಾನೇ ಬರೆದುಕೊಳ್ಳುತ್ತೇನೆ.

ತೋಟದಮನೆ, ಸಕಲೇಶಪುರ

ಎಲ್ಲರಿಗೂ ಕೈಮುಗಿದೆ. ಮೂರು ದಿನದಿಂದ ಈ ಚರ್ಚೆಯನ್ನೇ ಓದುತ್ತಿದ್ದೇನೆ. ನನ್ನ ಮಗಳಿಗೆ ಈಗ ಒಂಬತ್ತು. 2062ರಲ್ಲಿ ಅವಳಿಗೆ ನಲವತ್ತೈದು. ಪುಸ್ತಕದ ಹಿಂದಿನ ರಟ್ಟಿನ ಒಳಗೆ ಆ ತಾರೀಖನ್ನು ಅವಳ ಕೈಯಲ್ಲೇ ಬರೆಸಿದೆ. 2028ಕ್ಕೆ ನಾವಿಬ್ಬರೂ ಕಡೂರಿಗೆ ಬರುತ್ತೇವೆ.

ಮೇಷ್ಟ್ರೇ, ಈ ಸಲ ಗ್ರಹಣ ಹಿಡಿಯುವುದು ನಮ್ಮ ಲೆಕ್ಕದಲ್ಲಿ ಎಷ್ಟು ಹೊತ್ತಿಗೆ? ಬರೆದಿಡಬೇಕು.

ಬೇಲೂರು ಮೇಷ್ಟ್ರು

ಬೆಳಿಗ್ಗೆ 8 ಹೊಡೆದು ಮೂರು ನಾಲ್ಕು ನಿಮಿಷಕ್ಕೆ.

ತೋಟದಮನೆ, ಸಕಲೇಶಪುರ

ಅದು ಮಳೆ ಅಳೆಯುವ ಹೊತ್ತು. ಪೆನ್ಸಿಲ್‌ನಲ್ಲಿ ಈಗಲೇ ಬರೆದಿಟ್ಟೆ: "2026 ಆಗಸ್ಟ್ 28, ಶುಕ್ರವಾರ. ನೂಲು ಹುಣ್ಣಿಮೆ. ಗ್ರಹಣ, ಇಲ್ಲಿ ಕಾಣುವುದಿಲ್ಲ." ಇಂಚು ಸೆಂಟ್ಸ್ ಬರೆಯುವ ಜಾಗ ಖಾಲಿ ಬಿಟ್ಟಿದ್ದೇನೆ.